ಏಳು ಶಾಲೆಗಳ ಪಾಳಿ

ನಮ್ಮ ಕಚೇರಿಗೆ ಬಣ್ಣ ಹೊಡೆಯುತ್ತಿದ್ದಾರೆ. ಮೇಲಿನವರು ಯಾರೋ ಬರುತ್ತಾರಂತೆ. ದುರ್ಗದ ಬಿಸಿಲಿಗೆ ಹಸಿ ಬಣ್ಣದ ವಾಸನೆ ಕಡತಗಳಿಗೆಲ್ಲ ಹತ್ತಿಕೊಂಡಿದೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅನ್ನ ಸಾರಿಗೂ ಅದೇ ವಾಸನೆ. ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಮಳೆನೀರು ಇಳಿದ ಕಲೆ ಇತ್ತು. ಬಣ್ಣದವರು ಅದರ ಮೇಲೂ ಎರಡು ಕೋಟು ಎಳೆದರು. "ಮೇಲೆ ತಾರಸಿ ಸೋರ್ತೈತಪ್ಪ, ಬಣ್ಣ ಹೊಡೆದ್ರೆ ನಿಲ್ತೈತಾ?" ಎಂದು ಕೇಳಿದೆ. "ನಮಗೆ ಹೇಳಿರೋದು ಬಣ್ಣ ಅಷ್ಟೇ ಸಾರ್" ಎಂದು ಅವರು ತಮ್ಮ ಪಾಡಿಗೆ ಕೆಲಸ ಮುಂದುವರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಈ ಮಾತು ಅಧ್ಯಕ್ಷಮ್ಮನ ಕಿವಿಗೆ ಬಿದ್ದಿದ್ದರೆ... ಎಂದುಕೊಂಡೆ. ಆಮೇಲೆ ಆ ದಿನ ನನ್ನ ಮೇಜಿನಿಂದ ಯಾವ ಕಡತವೂ ಮುಂದಕ್ಕೆ ಹೋಗಲಿಲ್ಲ.

ಅಧ್ಯಕ್ಷಮ್ಮನ ಪರಿಚಯವಾದದ್ದು ವರ್ಷಗಳ ಹಿಂದೆ. ನಾನು ಆಗ ಹೊಸದಾಗಿ ಪಿಡಿಒ ಆಗಿ ಹಿರಿಯೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಹೋಗಿದ್ದೆ. ಜವನಗೊಂಡನಹಳ್ಳಿಯಲ್ಲಿ ಬಸ್ಸಿಳಿದು ಮತ್ತೆ ಆಟೊ ಹಿಡಿಯಬೇಕಾದ ಊರು. ಹುಟ್ಟಿದ್ದು ಹೊಳಲ್ಕೆರೆ, ಓದಿದ್ದು ಸಿರಿಗೆರೆ, ಪರೀಕ್ಷೆ ಪಾಸು ಮಾಡಿದ್ದು ಮೊದಲ ಸಲಕ್ಕೇ. ಹಾಗಾಗಿ ತಲೆ ಸ್ವಲ್ಪ ಮೇಲಕ್ಕೇ ಇತ್ತು. ಹಳ್ಳಿಯವರಿಗೆ ಪಿಡಿಒ ಎಂದರೆ ಯಾರೋ, ಏನೋ. ಅವರ ಬಾಯಲ್ಲಿ ನಾನು ಸೆಕ್ರೆಟ್ರಿ. ಅಧ್ಯಕ್ಷಮ್ಮನಿಗಂತೂ "ಏನಪ್ಪ ಸೆಕ್ರೆಟ್ರಿ".

ಅಧ್ಯಕ್ಷಮ್ಮ ಕುರಿ ಸಾಕುವ ಮನೆತನದವರು. ಪಂಚಾಯಿತಿಯ ಏಳು ಹಳ್ಳಿಗಳಲ್ಲಿ ತೀರಾ ಕೊನೆಯದು ಅವರ ಹಟ್ಟಿ. ಮೀಸಲಾತಿ ಬಂದು ಅಧ್ಯಕ್ಷರಾದರು. ಹೆಂಡತಿ ಅಧ್ಯಕ್ಷೆಯಾದರೆ ಗಂಡ ಬಂದು ಕುರ್ಚಿಯಲ್ಲಿ ಕೂರುವುದು ಎಷ್ಟೋ ಕಡೆ ನಡೆಯುತ್ತದೆ. ಇವರ ಗಂಡ ಮಾತ್ರ ಅರ್ಧ ವರ್ಷ ಕುರಿ ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆ ಹೋಗಿಬಿಡುತ್ತಿದ್ದರು. ಉಳಿದ ಅರ್ಧ ವರ್ಷ ಪಂಚಾಯಿತಿ ಕಟ್ಟಡದ ಮುಂದೆ ಹಾದುಹೋಗುವುದಕ್ಕೂ ಅವರಿಗೆ ನಾಚಿಕೆ. ಹೀಗಾಗಿ ನಮ್ಮಲ್ಲಿ ಕುರ್ಚಿಯಲ್ಲಿ ಕೂರುತ್ತಿದ್ದವರು ಅಧ್ಯಕ್ಷಮ್ಮನೇ. ಕಾಲು ಮಡಚಿ ಕೂರುತ್ತಿದ್ದರು, ಆ ಕುರ್ಚಿಗೆ ಕೈಗಳಿದ್ದದ್ದು ಅವರಿಗೆ ಭಾರೀ ತೊಂದರೆ.

ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಸಹಿಯೊಂದನ್ನು ಕಲಿತಿದ್ದರು. ಆದರೆ ಲೆಕ್ಕ? ಮಂದೆಯಲ್ಲಿ ಒಂದು ಮರಿ ಕಮ್ಮಿಯಾದರೂ ದೂರದಿಂದಲೇ ಕಣ್ಣಿಗೆ ಗೊತ್ತಾಗುವವರು ಅವರು. ನಾನು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಉತ್ತರ ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿರುತ್ತಿದ್ದರು.

ನಮ್ಮ ಏಳು ಊರಿಗೂ ಒಂದೊಂದು ಸರ್ಕಾರಿ ಶಾಲೆ. ಏಳೂ ಹಳೆಯವು, ಏಳೂ ಸೋರುವಂಥವು. ಅನುದಾನವೋ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ಮಜ್ಜಿಗೆಯನ್ನೂ ನಮ್ಮ ಸದಸ್ಯರು ತಲೆಗಿಷ್ಟು ಎಂದು ಹಂಚಿಕೊಳ್ಳುತ್ತಿದ್ದರು. ಯಾರಿಗೂ ಬೇಸರವಾಗಬಾರದಲ್ಲ! ಅದು ಅಲ್ಲಿಯ ಹಳೆಯ ಪದ್ಧತಿ. ಒಂದೊಂದು ಊರಿಗೆ ಬಂದ ಪಾಲಿನಲ್ಲಿ ಛಾವಣಿ ಆಗುವುದಿಲ್ಲ, ಗೋಡೆ ಆಗುವುದಿಲ್ಲ. ಆಗುವುದು ಬಣ್ಣ ಮಾತ್ರ. ಹೀಗೆ ಪ್ರತಿ ವರ್ಷ ಏಳು ಶಾಲೆಗಳಿಗೂ ಬಣ್ಣ. ಕೆರೆ ಹಿಂದಿನ ಊರಿನ ಶಾಲೆಯಲ್ಲಿ ಒಂದು ಕಡೆ ಪದರ ಕಿತ್ತುಬಂದಿತ್ತು. ಹಳದಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಗುಲಾಬಿ, ಅದರ ಕೆಳಗೆ ಇನ್ನೊಂದು ಹಳದಿ. ಇನ್ನೊಂದು ಊರಿನಲ್ಲಿ ಕಾಂಪೌಂಡ್ ಗೇಟು ಭದ್ರವಾಗಿ ನಿಂತಿತ್ತು, ಬೀಗವೂ ಇತ್ತು. ಕಾಂಪೌಂಡು ಮಾತ್ರ ಇರಲಿಲ್ಲ. ಮೇಷ್ಟ್ರು ದಿನಾ ಬೀಗ ಹಾಕಿ ಪಕ್ಕದಿಂದ ನಡೆದು ಮನೆಗೆ ಹೋಗುತ್ತಿದ್ದರು.

ಅಧ್ಯಕ್ಷಮ್ಮ ಮೊದಲ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಹಂಚಿಕೆಯೆಲ್ಲ ಮುಗಿದು ಎಲ್ಲರೂ ಟೀ ಕುಡಿದು ಎದ್ದ ಮೇಲೆ ನನ್ನ ಕಡೆ ತಿರುಗಿದರು.

"ಏನಪ್ಪ ಸೆಕ್ರೆಟ್ರಿ, ಸೋರೋದು ಮ್ಯಾಲೆ. ನೀವು ಬಳಿಯೋದು ಪಕ್ಕಕ್ಕೆ. ಇದ್ಯಾವ ಔಷಧ?"

ನಾನು ನಿಯಮಾವಳಿ, ಕ್ರಿಯಾ ಯೋಜನೆ ಎಂದೆಲ್ಲ ಹೇಳತೊಡಗಿದೆ. ಅವರು ಪೂರ್ತಿ ಕೇಳಿದರು. ಆಮೇಲೆ "ನಾಳೆ ಬೆಳಿಗ್ಗೆ ಶಾಲೆಗುಳ್ನ ನೋಡ್ಕೊಂಡು ಬರಾಣ, ಬಾ" ಎಂದರು. ನಾಳೆ ಎಂದದ್ದು ಮುಗಿಯಲು ಹನ್ನೆರಡು ದಿನ ಹಿಡಿಯಿತು. ಯಾಕೆಂದರೆ ಅವರು ಶಾಲೆ ನೋಡಿ ಸುಮ್ಮನಾಗಲಿಲ್ಲ, ಊರಿನ ಮನೆಮನೆಗೂ ನುಗ್ಗಿದರು. ತೊಟ್ಟಿಲಲ್ಲಿ ಎಷ್ಟು, ಅಂಗನವಾಡಿಯಲ್ಲಿ ಎಷ್ಟು, ಈ ವರ್ಷ ಬಸುರಿಯರು ಎಷ್ಟು ಜನ, ಹಿರಿಯೂರಿನ ಇಂಗ್ಲಿಷ್ ಶಾಲೆಯ ವ್ಯಾನು ಹತ್ತುವ ಮಕ್ಕಳು ಎಷ್ಟು. ನಾನು ಹಿಂದೆ ಹಿಂದೆ ಪುಸ್ತಕ ಹಿಡಿದುಕೊಂಡು ಬರೆಯುತ್ತಾ ನಡೆದೆ. ಪ್ರತಿ ಮನೆಯಲ್ಲೂ ಮಜ್ಜಿಗೆ, ಪ್ರತಿ ಮನೆಯಲ್ಲೂ ಕೂಸನ್ನು ಎತ್ತಿ ಆಡಿಸಬೇಕು. ಪರೀಕ್ಷೆ ಪಾಸು ಮಾಡಿದ ಅಧಿಕಾರಿಯ ಅಂಗಿಯ ಮೇಲೆ ಹನ್ನೆರಡು ದಿನದಲ್ಲಿ ಎಷ್ಟು ಕೂಸುಗಳು ಉಚ್ಚೆ ಹೊಯ್ದವು ಎಂಬುದನ್ನು ಮಾತ್ರ ನಾವು ಬರೆದಿಡಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಅಷ್ಟು ನಕ್ಕ ದಿನಗಳು ಬೇರೆ ಇಲ್ಲ.

ಮುಂದಿನ ಸಭೆಯಲ್ಲಿ ಈ ಸುದ್ದಿ ಹಾಸ್ಯಕ್ಕೆ ಬಂತು. ದೊಡ್ಡ ಊರಿನ ಸದಸ್ಯರೊಬ್ಬರಿದ್ದರು; ಈರುಳ್ಳಿ ಮಂಡಿ ಇಟ್ಟವರು, ಎಲ್ಲರೂ ಮಂಡಿಯಣ್ಣ ಎನ್ನುತ್ತಿದ್ದರು. ಪಂಚಾಯಿತಿಯಲ್ಲಿ ಅವರ ಮಾತೇ ಮಾತು.

"ಅಲ್ಲ ಅಧ್ಯಕ್ಷಮ್ಮ, ತೊಟ್ಟಿಲು ಎಣಿಸಿ ಶಾಲೆ ಕಟ್ತೀರಾ? ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸಿದಂಗಾತು" ಎಂದರು.

"ಹುಟ್ಟಿದ ಮ್ಯಾಲೆ ಹೊಲಿಯಾಕ್ ಕುಂತ್ರೆ ಕೂಸಿಗೆ ಚಳಿ ಆಗ್ತೈತಲ್ಲಪ್ಪ" ಎಂದರು ಅಧ್ಯಕ್ಷಮ್ಮ. ಸಭೆ ನಕ್ಕಿತು. ಮಂಡಿಯಣ್ಣ ನಗಲಿಲ್ಲ.

ಆಮೇಲೆ ಅವರು ತಮ್ಮ ಮಾತು ಹೇಳಿದರು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ರೈತರು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕಾಗಿ. ಎಲ್ಲರಿಗೂ ಮಂದೆ ಬೇಕು, ಎಲ್ಲರಿಗೂ ಮೊದಲು ಬೇಕು. ಹಾಗೆಂದು ಮಂದೆಯನ್ನು ಒಡೆದು ಹೊಲಕ್ಕೆ ಐದೈದು ಕುರಿ ಬಿಟ್ಟರೆ ಯಾವ ಹೊಲವೂ ಹದಕ್ಕೆ ಬರುವುದಿಲ್ಲ. ಅದಕ್ಕೇ ಪಾಳಿ. ಇಡೀ ಮಂದೆ ಒಂದು ಹೊಲದಲ್ಲಿ ನಿಂತು, ಅದು ಹದವಾದ ಮೇಲೆ ಮುಂದಿನ ಹೊಲ. ಶಾಲೆಗೂ ಹಾಗೇ ಮಾಡೋಣ. ಬಂದದ್ದನ್ನೆಲ್ಲ ಒಂದೇ ಶಾಲೆಗೆ ಹಾಕಿ ಕೋಣೆ ಎಬ್ಬಿಸೋಣ, ತಾರಸಿ ಹಾಕೋಣ. ಅದು ಮುಗಿದ ಮೇಲೆ ಮುಂದಿನ ಶಾಲೆ. ಏಳು ವರ್ಷವಾದರೂ ಆಗಲಿ, ಹತ್ತಾದರೂ ಆಗಲಿ.

"ನಿಮ್ಮ ಅವಧಿ ಇರೋದು ಐದು ವರ್ಷ. ಆಮೇಲೆ ಬಂದೋರು ಈ ಪಾಳಿ ನಡೆಸ್ತಾರೆ ಅಂತ ಏನು ಗ್ಯಾರಂಟಿ?" ಎಂದು ಮಂಡಿಯಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕ್ರಿಯಾ ಯೋಜನೆ ಒಂದು ವರ್ಷದ್ದು, ಹತ್ತು ವರ್ಷಕ್ಕೆ ನನ್ನ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ.

ಅಧ್ಯಕ್ಷಮ್ಮ ಎದ್ದು ಹೋಗಿ ತಮ್ಮ ಚೀಲದಿಂದ ಒಂದು ಕರಿಕಂಬಳಿ ತಂದರು. ಮೇಜು ಕುರ್ಚಿ ಸರಿಸಿ ಸಭಾಂಗಣದ ನೆಲದ ಮೇಲೆ ಹಾಸಿದರು. ನನಗೆ ಅದು ತಿಳಿಯಲಿಲ್ಲ, ಆದರೆ ಸದಸ್ಯರೆಲ್ಲ ಒಮ್ಮೆಗೇ ಗಂಭೀರರಾದರು. ಇಬ್ಬರು ಚಪ್ಪಲಿ ಬಿಟ್ಟರು. ಆಮೇಲೆ ಪಕ್ಕದಲ್ಲಿದ್ದವರು ಹೇಳಿದರು: ಕುರಿಗಾರರಲ್ಲಿ ಕಂಬಳಿ ಹಾಸಿ, ಅದರ ಮೇಲೆ ಕೂತು ಆಡಿದ ಮಾತಿಗೆ ತಪ್ಪುವಂತಿಲ್ಲ. ಹೊಲದ ಪಾಳಿ ತೀರ್ಮಾನವಾಗುವುದೂ ಅದರ ಮೇಲೇ. ಎಷ್ಟು ದೊಡ್ಡ ರೈತನಾದರೂ ಆಮೇಲೆ ತನಗಿಂತ ಮುಂಚಿನವನನ್ನು ಹಾರಿ ಬರುವ ಹಾಗಿಲ್ಲ.

"ಬರ್ರಿ, ಕುಂತ್ಕಳ್ರಿ" ಎಂದರು ಅಧ್ಯಕ್ಷಮ್ಮ. ಒಬ್ಬೊಬ್ಬರಾಗಿ ಕೂತರು. ಏಳು ಊರಿಗೆ ಏಳು ಕಲ್ಲು ತರಿಸಿದರು; ಮುಂದೆ ಯಾವ ಶಾಲೆಗೆ ಹೆಚ್ಚು ಮಕ್ಕಳೋ ಆ ಊರಿನ ಕಲ್ಲು ಸಾಲಿನಲ್ಲಿ ಮೊದಲು. ನಾನು ತೊಟ್ಟಿಲ ಲೆಕ್ಕ ಓದಿದೆ. ಕೆರೆ ಹಿಂದಿನ ಊರಿಗೆ ಮೊದಲ ಕಲ್ಲು. ದೊಡ್ಡ ಊರಿನ ಮಕ್ಕಳು ಅರ್ಧಕ್ಕರ್ಧ ವ್ಯಾನು ಹತ್ತುತ್ತಿದ್ದರಿಂದ ಮಂಡಿಯಣ್ಣನ ಕಲ್ಲು ತೀರಾ ಕೆಳಗಿಳಿಯಿತು. ಅವರ ಮುಖ ಕೆಂಪಾಯಿತು. ಲೆಕ್ಕದ ಪ್ರಕಾರ ಹಟ್ಟಿಗೆ ಮೂರನೆಯ ಜಾಗ. ಅದನ್ನು ನಾನು ಓದಿದ ಕೂಡಲೇ ಮಂಡಿಯಣ್ಣ, "ಹೇಳ್ರಿ ಹೇಳ್ರಿ, ಅಧ್ಯಕ್ಷರ ಊರಲ್ವಾ" ಎಂದರು. ಉಳಿದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲ ಅಲ್ಲಿಗೇ ಮುರಿದುಬೀಳುವುದರಲ್ಲಿತ್ತು.

ಅಧ್ಯಕ್ಷಮ್ಮ ಹಟ್ಟಿಯ ಕಲ್ಲನ್ನು ಎತ್ತಿದರು. ಸ್ವಲ್ಪ ಹೊತ್ತು ಅಂಗೈಯಲ್ಲಿ ಇಟ್ಟುಕೊಂಡಿದ್ದರು. ಆಮೇಲೆ ಸಾಲಿನ ಕಟ್ಟಕಡೆಯಲ್ಲಿ ಇಟ್ಟರು, ಏಳನೆಯದಾಗಿ. "ಈಗ ಒಪ್ಗೆನಾ?" ಎಂದರು. ದೊಡ್ಡ ಊರು ಐದನೆಯದಾಯಿತು, ಎಲ್ಲರೂ ಕಂಬಳಿ ಮುಟ್ಟಿದರು, ಮಂಡಿಯಣ್ಣ ಕೊನೆಯವರಾಗಿ.

ಹಟ್ಟಿಯ ಶಾಲೆ ಎಂದರೆ ಒಂದೇ ಕೋಣೆ. ಮಧ್ಯದ ತೊಲೆ ಸೀಳಿದ್ದರಿಂದ ಕೆಳಗೆ ಒಂದು ಕವೆಗೋಲು ಕೊಟ್ಟು ನಿಲ್ಲಿಸಿದ್ದರು. ಅಲ್ಲಿ ಮಕ್ಕಳಿಗೆ ಮೊದಲು ಕಲಿಸುತ್ತಿದ್ದ ಪಾಠ, ಆ ಕೋಲಿಗೆ ಒರಗಬಾರದು ಎಂಬುದು. ಮಳೆ ಬಂದರೆ ಮೇಷ್ಟ್ರು ಮಕ್ಕಳನ್ನೆಲ್ಲ ಕರೆದುಕೊಂಡು ಅಧ್ಯಕ್ಷಮ್ಮನ ಮನೆಯ ಜಗಲಿಗೆ ಓಡುತ್ತಿದ್ದರು. ಅಂಥ ಊರಿನ ಕಲ್ಲನ್ನು ಅವರು ಕೊನೆಯಲ್ಲಿಟ್ಟು ಬಂದಿದ್ದರು. ಹಟ್ಟಿಯ ಹೆಂಗಸರು ಅವರ ಮುಖಕ್ಕೇ ಬೈದರು. ಸ್ವಂತ ಓರಗಿತ್ತಿ ಮಾತು ಬಿಟ್ಟಳು. ಒಂದೇ ಅಂಗಳದ ಎರಡು ಮನೆ. ಬೆಳಗಾದರೆ ಎದುರಾಗುವ ಮುಖ.

ನಾನಿಲ್ಲಿ ಒಂದು ಬುದ್ಧಿವಂತಿಕೆ ಮಾಡಲು ಹೋದೆ. ನಡಾವಳಿ ಪುಸ್ತಕದಲ್ಲಿ ಆದ್ಯತಾ ಪಟ್ಟಿ ಬರೆಯುವಾಗ ಹಟ್ಟಿಯನ್ನು ಮೂರನೆಯದಾಗಿಯೇ ಬರೆದೆ. ಲೆಕ್ಕ ಹೇಳಿದ್ದೂ ಅದನ್ನೇ ಅಲ್ಲವೇ, ಅನ್ಯಾಯವೇನಿಲ್ಲ, ಅಧ್ಯಕ್ಷಮ್ಮನಿಗೆ ಓದಲು ಬರುವುದಿಲ್ಲ, ಕಾಗದ ತಾನಾಗಿಯೇ ಕೆಲಸ ಮಾಡುತ್ತದೆ ಎಂದುಕೊಂಡೆ. ಅವರು ಸಹಿ ಹಾಕುವ ಮುಂಚೆ ಪುಸ್ತಕ ತೆಗೆದುಕೊಂಡು ಹಟ್ಟಿಯ ಮೇಷ್ಟ್ರ ಹತ್ತಿರ ಓದಿಸಿಕೊಂಡು ಬಂದರು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ.

"ಕಂಬ್ಳಿ ಮ್ಯಾಲೆ ಏಳು ಅಂದೀನಿ. ನಿನ್ ಪುಸ್ತಕದಾಗೆ ಮೂರು ಐತೆ. ನನ್ ಬಾಯಿ ಸುಳ್ಳೋ, ನಿನ್ ಕೈ ಸುಳ್ಳೋ?"

"ಹಟ್ಟಿ ಮಕ್ಕಳಿಗೋಸ್ಕರ ಬರೆದೆ ಅಮ್ಮ" ಎಂದೆ.

"ನನಗೂ ಅವೇ ಮಕ್ಕಳಪ್ಪ" ಎಂದರು. ದನಿ ಸಣ್ಣದಾಗಿತ್ತು. "ಇವತ್ತು ನನ್ ಕಲ್ಲು ಹಾರಿ ಮುಂದ್ ಬಂದ್ರೆ, ನಾಳೆ ಎಲ್ರ ಕಲ್ಲೂ ಹಾರ್ತಾವೆ. ಆಗ ಕೊನೆಗೆ ಉಳಿಯೋದು ನಮ್ ಹಟ್ಟೀನೇ. ತಿದ್ದು."

ತಿದ್ದಿದೆ. ನನ್ನ ಕೈಬರಹದಲ್ಲಿ ಅಷ್ಟು ಅಚ್ಚುಕಟ್ಟಾಗಿ ಬರೆದ ಸಾಲು ಇನ್ನೊಂದಿರಲಿಕ್ಕಿಲ್ಲ. ಅವಮಾನಕ್ಕೆ ಆ ದಿನ ಊಟ ಸೇರಲಿಲ್ಲ. ಅಧ್ಯಕ್ಷಮ್ಮ ಮರುದಿನ ಏನೂ ಆಗಿಲ್ಲವೆಂಬಂತೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು.

ಮೊದಲ ವರ್ಷ ಕೆರೆ ಹಿಂದಿನ ಊರಿನ ಶಾಲೆಗೆ ತಾರಸಿ ಬಿತ್ತು. ಉಳಿದ ಆರು ಊರುಗಳಿಗೆ ಆ ವರ್ಷ ಒಂದು ಡಬ್ಬಿ ಬಣ್ಣವೂ ಸಿಗಲಿಲ್ಲ, ಆದರೂ ಆರೂ ಊರಿನವರು ನೋಡಲು ಬಂದಿದ್ದರು. ಮುಂದೆ ತಮ್ಮ ಊರಿಗೂ ಇಂಥದೇ ಬರುತ್ತದೆಯಲ್ಲ, ಅಳತೆ ನೋಡಿಕೊಂಡು ಹೋಗೋಣ ಎಂದು! ಒಬ್ಬ ಅಜ್ಜ ಗೋಡೆಯನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡಿ, ನಮ್ಮೂರಿಗೆ ಕಿಟಕಿ ಇನ್ನೊಂಚೂರು ದೊಡ್ಡದಿರಲಿ ಎಂದು ನನಗೆ ತಾಕೀತು ಮಾಡಿದ. ಅವನ ಊರಿನ ಪಾಳಿ ಆರನೆಯದು. ಎರಡನೆಯ ವರ್ಷ ಎರಡನೆಯ ಶಾಲೆ.

ಮೂರನೆಯ ವರ್ಷ ಅನುದಾನ ಅರ್ಧಕ್ಕೆ ಇಳಿಯಿತು. ಮೇಲಿನಿಂದ ಬಂದ ಪತ್ರ ಓದಿ ನಾನು ಕುಸಿದು ಕೂತೆ. ಸದಸ್ಯರು ಮತ್ತೆ ತಲೆಗಿಷ್ಟು ಮಾಡಿ ಬಣ್ಣ ಹೊಡೆಸೋಣ ಎಂದು ಗುಸುಗುಸು ಶುರುಮಾಡಿದರು. ಅಧ್ಯಕ್ಷಮ್ಮ ಒಪ್ಪಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿದರಾಯಿತು. ಈ ವರ್ಷ ತಳಪಾಯ ಗೋಡೆ, ಬರುವ ವರ್ಷ ತಾರಸಿ, ಆದರೆ ಶಾಲೆ ಮಾತ್ರ ಒಂದೇ ಎಂದರು. ಗೋಡೆಗೂ ಸಾಲದಾದಾಗ ಕಲ್ಲನ್ನು ಊರವರೇ ಹೊತ್ತುಕೊಡುವುದು ಎಂದಾಯಿತು. ಆ ಮೂರನೆಯ ಊರು ಗುಡ್ಡದ ಪಕ್ಕದ್ದು, ಗಾಡಿ ಹೋಗದು. ಆಗ ಹಟ್ಟಿಯಿಂದ ಕತ್ತೆಗಳು ಬಂದವು.

ಆ ದೃಶ್ಯ ನೆನೆದರೆ ಈಗಲೂ ಖುಷಿಯಾಗುತ್ತದೆ. ಕುರಿಯ ಜೊತೆ ಊರೂರು ತಿರುಗುವಾಗ ಸಾಮಾನು ಹೊರುವ ಹತ್ತಾರು ಕತ್ತೆಗಳು, ಎರಡೂ ಪಕ್ಕ ಕಲ್ಲು ತುಂಬಿದ ಚೀಲ, ಗುಡ್ಡದ ಕಾಲುದಾರಿಯಲ್ಲಿ ಸಾಲಾಗಿ. ಮುಂದೆ ಅಧ್ಯಕ್ಷಮ್ಮ. ಕೊನೆಯಲ್ಲಿ, ಮಾತು ಬಿಟ್ಟ ಓರಗಿತ್ತಿ! ಮಾತು ಬಿಟ್ಟಿದ್ದರೂ ಕೆಲಸ ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಕತ್ತೆಗೆ ಹೇಳುವವಳಂತೆ ಅಧ್ಯಕ್ಷಮ್ಮನಿಗೆ ಕೇಳಿಸುವ ಹಾಗೆ, "ನಡಿಯಲೇ, ನಡಿ, ಊರೋರ ಮಕ್ಳಿಗೆಲ್ಲ ಶಾಲೆ ಕಟ್ಟು. ನಮ್ ಮಕ್ಳು ಕವೆಗೋಲಿನ ಕೆಳಗೆ ಕುಂತಿರ್ಲಿ" ಎನ್ನುತ್ತಿದ್ದಳು. ಅಧ್ಯಕ್ಷಮ್ಮ ತಿರುಗಿ ನೋಡದೆ ನಗುತ್ತಿದ್ದರು. ಆದರೆ ಗುಡ್ಡ ಹತ್ತಿ ಕೂತಾಗ ನನ್ನ ಹತ್ತಿರ ಮೆಲ್ಲಗೆ, "ಅವ್ಳು ಹೇಳೋದು ಸುಳ್ಳಲ್ಲ ಸೆಕ್ರೆಟ್ರಿ. ಆ ಕೋಲು ಇನ್ನ ಎಷ್ಟ್ ವರ್ಷ ತಡೀತೈತೋ..." ಎಂದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಂಡಿಯಣ್ಣ ಆ ದಿನ ತಮ್ಮ ಟ್ರಾಕ್ಟರಿನಲ್ಲಿ ಗುಡ್ಡದ ಬುಡದವರೆಗೆ ಕಲ್ಲು ತಂದುಹಾಕಿಸಿದ್ದರು. ಕತ್ತೆಗಳ ಹಿಂದೆ ನಡೆಯುತ್ತಿದ್ದ ಹೆಂಗಸಿನ ಮಾತು ಅವರೂ ಕೇಳಿಸಿಕೊಂಡರು.

ಆ ಶಾಲೆ ಮುಗಿಯಲು ಎರಡು ವರ್ಷ ಹಿಡಿಯಿತು. ನಾಲ್ಕನೆಯದು ಎದ್ದಾಗ ಅಧ್ಯಕ್ಷಮ್ಮನ ಅವಧಿ ಮುಗಿದಿತ್ತು. ನನಗೆ ಅಷ್ಟರಲ್ಲಿ ಹೊಸದುರ್ಗಕ್ಕೆ ವರ್ಗವಾಗಿತ್ತು. ಹೊರಡುವ ದಿನ ಅವರು ಬಸ್ಸಿನವರೆಗೆ ಬಂದು, "ಮೂರು ಕಲ್ಲು ಉಳಿದಾವೆ. ಮರೀಬ್ಯಾಡ" ಎಂದರು. ಮರೆಯಲಿಲ್ಲ. ಆದರೆ ಹೋಗಿ ನೋಡಲೂ ಇಲ್ಲ. ಹೊಸ ಊರು, ಹೊಸ ತಲೆನೋವು, ಆಮೇಲೆ ದುರ್ಗದ ಈ ಕಚೇರಿ... ಅಧ್ಯಕ್ಷಮ್ಮ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಥಿಯೂ ಆದ ಮೇಲೆ. ನಾಚಿಕೆಯಿಂದ ಆಗಲೂ ಹೋಗಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ.

ಮೊನ್ನೆ ಎರಡನೆಯ ಶನಿವಾರ ಹೋದೆ. ಕಚೇರಿಗೆ ರಜೆ, ಶಾಲೆಗಳಿಗೆ ಬೆಳಗಿನ ತರಗತಿ. ಹಟ್ಟಿಯ ದಾರಿಯಲ್ಲಿ ನಡೆಯುತ್ತಾ ಉಳಿದ ಪಾಳಿ ಎಣಿಸಿಕೊಂಡೆ. ಐದನೆಯದು ದೊಡ್ಡ ಊರು, ಆರನೆಯದು ಅಜ್ಜನ ಊರು, ಆಮೇಲೆ ಹಟ್ಟಿ. ಅನುದಾನ ಬರುವ ಚಂದಕ್ಕೆ ಅದು ಇನ್ನೂ ವರ್ಷಗಟ್ಟಲೆ ದೂರದ ಮಾತು. ಕವೆಗೋಲು ಇದೆಯೋ, ಬಿದ್ದಿದೆಯೋ ಎಂದುಕೊಂಡೇ ತಿರುವು ದಾಟಿದೆ.

ಹೊಸ ಕೋಣೆ ಇತ್ತು. ತಾರಸಿಯ ಕೋಣೆ, ದೊಡ್ಡ ಕಿಟಕಿ, ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಬಾಗಿಲ ಹತ್ತಿರ ಅಡುಗೆಯ ಪಾತ್ರೆ ತೊಳೆಯುತ್ತಾ ಕೂತಿದ್ದವಳು ಅಧ್ಯಕ್ಷಮ್ಮನ ಓರಗಿತ್ತಿ. ನನ್ನ ಗುರುತು ಹಿಡಿದು, "ಈಗ ದಾರಿ ಸಿಕ್ತೇನ್ರಿ ಸೆಕ್ರೆಟ್ರಿ" ಎಂದಳು. ಆಡಲಿ, ಆಡಬೇಕಾದ ಮಾತೇ. ಇದು ಹೇಗಾಯಿತು ಎಂದು ಕೇಳಿದೆ. "ಮಂಡಿಯಣ್ಣನ್ನೇ ಕೇಳ್ಕಳ್ರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ವಾಪಸು ಬರುವಾಗ ಮಂಡಿಗೆ ಹೋದೆ. ಅಧ್ಯಕ್ಷಮ್ಮನ ನಂತರ ಅಧ್ಯಕ್ಷರಾದವರು ಅವರೇ. ಈರುಳ್ಳಿ ಚೀಲದ ಮೇಲೆ ಕೂರಿಸಿ ಟೀ ತರಿಸಿದರು.

"ಐದನೇದು ನಿಮ್ಮೂರಿನ ಪಾಳಿ ಅಲ್ವಾ ಅಣ್ಣ?" ಎಂದೆ.

"ಹೌದು ಸಾರ್. ಆಯಮ್ಮ ತೀರಿಕೊಂಡು ತಿಂಗಳಿಗೆ ಸಭೆ ಕರೆದ್ವಿ. ಹಟ್ಟೀದು ಐದಕ್ಕೆ ತಂದ್ವಿ, ನಮ್ಮೂರಿಂದು ಏಳಕ್ಕೆ ಹಾಕ್ದೆ. ಎಲ್ರೂ ಒಪ್ಪಿದ್ರು."

"ಕಂಬಳಿ ಮೇಲಿನ ಮಾತು ಮುರಿದ್ರಿ ಹಂಗಾದ್ರೆ?"

"ಮುರೀಲಿಲ್ಲ. ಕಂಬ್ಳಿ ಹಾಸೇ ಬದಲಾಯಿಸಿದ್ವಿ." ಟೀ ಲೋಟ ಕೆಳಗಿಟ್ಟರು. "ಆಯಮ್ಮ ಇರೋತನಕ ಎರಡು ಸಲ ಹೇಳಿ ನೋಡ್ದೆ ಸಾರ್. ಬೈದು ಕಳಿಸಿದ್ಲು. ಈಗ ಬೈಯೋರು ಇಲ್ವಲ್ಲ, ಅದ್ಕೇ ಮಾಡಿಬಿಟ್ವಿ."

ನಾನು ನಕ್ಕೆ, ಅವರೂ ನಕ್ಕರು. ನಗುತ್ತಲೇ ಇಬ್ಬರಿಗೂ ಕಣ್ಣು ತುಂಬಿತು. ಈರುಳ್ಳಿ ಮಂಡಿಯಾದ್ದರಿಂದ ಯಾರೂ ಏನೂ ಕೇಳುವ ಹಾಗಿರಲಿಲ್ಲ. ಬಸ್ಸಿನಲ್ಲಿ ಕೂತು ಹಿರಿಯೂರು ದಾಟುವವರೆಗೂ ಮಕ್ಕಳ ಮಗ್ಗಿ ಕಿವಿಯಲ್ಲೇ ಇತ್ತು. ಆ ಕೋಣೆಯಲ್ಲಿ ಕೂತು ಅದನ್ನು ಕೇಳಲು ಅಧ್ಯಕ್ಷಮ್ಮ ಇರಬೇಕಿತ್ತು. ಅವರು ಇದ್ದಿದ್ದರೆ ಆ ಕೋಣೆ ಇನ್ನೂ ಎದ್ದೇ ಇರುತ್ತಿರಲಿಲ್ಲ ಎಂಬುದೂ ನಿಜ. ಆದರೂ, ಇರಬೇಕಿತ್ತು.